ಚಹಾನೋ ಕಾಫಿನೋ: ಜೆ.ಆರ್.ಡಿ. ಟಾಟಾ ಮತ್ತು ವಿಮಾನದೊಳಗಿನ ತಕರಾರು

ವಿಮಾನದಲ್ಲಿ ಜಗಳ ಆಯಿತು ಅಂದರೆ ಸಾಕು, ಇಳಿದ ಅರ್ಧ ಗಂಟೆಯಲ್ಲಿ ಅದರ ವಿಡಿಯೋ ನಮ್ಮ ಹಾಸ್ಟೆಲ್ ಗ್ರೂಪಿಗೆ ಬಂದು ಬಿದ್ದಿರುತ್ತದೆ. 2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ದೆಹಲಿಗೆ ಬರುತ್ತಿದ್ದ ಇಂಡಿಗೋ ವಿಮಾನದಲ್ಲಿ ಊಟದ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಒಬ್ಬ ಗಗನಸಖಿ ಅಳುವ ತನಕ ಹೋಯಿತು. ಕೊನೆಗೆ ಅವರ ಜೊತೆಗಿದ್ದ ಹಿರಿಯ ಗಗನಸಖಿ ತಾವು ಕಂಪನಿಯ ನೌಕರರೇ ಹೊರತು ಯಾರ ಆಳೂ ಅಲ್ಲ ಅಂತ ಪ್ರಯಾಣಿಕನ ಮುಖಕ್ಕೇ ಹೇಳಿಬಿಟ್ಟರು. 2024ರ ಜನವರಿಯಲ್ಲಿ ಇನ್ನೊಂದು. ದೆಹಲಿಯಲ್ಲಿ ದಟ್ಟ ಮಂಜು, ಗೋವಾಕ್ಕೆ ಹೊರಡಬೇಕಿದ್ದ ವಿಮಾನ ಗಂಟೆಗಟ್ಟಲೆ ತಡ. ಇನ್ನೂ ತಡವಾಗುತ್ತದೆ ಅಂತ ಪೈಲಟ್ ಹೇಳುತ್ತಿರುವಾಗಲೇ ಹಿಂದಿನಿಂದ ಒಬ್ಬ ಓಡಿ ಬಂದು ಅವರಿಗೆ ಹೊಡೆದ. ಮಂಜನ್ನು ಪೈಲಟ್ ತಂದಿರಲಿಲ್ಲ. ಹೊಡೆದವನಿಗೂ ಅದು ಗೊತ್ತಿತ್ತು ಅಂತಲೇ ನಾವು ಅಂದುಕೊಂಡಿದ್ದೇವೆ. ಆದರೆ ಮಂಜಿಗೆ ಹೊಡೆಯೋಕೆ ಆಗಲ್ಲವಲ್ಲ.

ಇದು ನಮಗೆ ಹೊಸದಲ್ಲ. ನಮ್ಮ ಕ್ಲಬ್ಬಿನಲ್ಲಿ ತುಬಚಿ, ಜಮಖಂಡಿ ಕಡೆಯವರು ಇದ್ದೇವೆ. ಕಬ್ಬಿಗೆ ನೀರು ಬಿಡೋ ಹೊತ್ತಿನಲ್ಲಿ ತ್ರೀ ಫೇಸ್ ಕರೆಂಟ್ ಹೋದರೆ ಬೈಸಿಕೊಳ್ಳೋದು ಲೈನ್‌ಮನ್. ಟ್ರಾನ್ಸ್‌ಫಾರ್ಮರಿಗೆ ಎಷ್ಟು ಪಂಪ್‌ಸೆಟ್ ಜೋಡಿಸಬೇಕು ಅಂತ ಲೆಕ್ಕ ಹಾಕಿದವರು ಎಲ್ಲೋ ಆಫೀಸಿನಲ್ಲಿ ಇರುತ್ತಾರೆ, ಅವರ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇಲ್ಲದಾಗ ಬೈಸಿಕೊಳ್ಳೋದು ಕಂಡಕ್ಟರ್. ಆ ದಾರಿಗೆ ಎಷ್ಟು ಬಸ್ಸು ಅಂತ ತೀರ್ಮಾನ ಮಾಡಿದವರು ಆ ಬಸ್ಸಿನಲ್ಲಿ ಬರೋದೇ ಇಲ್ಲ.

ಆದರೆ ಒಬ್ಬ ಮನುಷ್ಯ ಇದ್ದರು. ವಿಮಾನ ಕಂಪನಿಗೆ ಅವರೇ ಅಧ್ಯಕ್ಷರು, ಅದೇ ವಿಮಾನದಲ್ಲಿ ಅವರೇ ಪ್ರಯಾಣಿಕರು, ಅದಕ್ಕೂ ಮೊದಲು ಅವರೇ ಪೈಲಟ್. ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ, ಅಂದರೆ ಜೆ.ಆರ್.ಡಿ. ಅವರ ಬಗ್ಗೆ ಉಕ್ಕು, ಟ್ರಕ್ಕು, ಭಾರತರತ್ನ ಅಂತ ಎಲ್ಲರೂ ಬರೆದಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಅವರು ವಿಮಾನದ ಸೀಟಿನಲ್ಲಿ ಕುಳಿತು ಏನು ನೋಡುತ್ತಿದ್ದರು, ತಕರಾರು ಬಂದರೆ ಅದನ್ನು ಯಾರಿಗೆ ಹೇಳುತ್ತಿದ್ದರು ಅನ್ನುವುದನ್ನು.

ಹುಟ್ಟಿದ್ದು 1904ರ ಜುಲೈ 29, ಪ್ಯಾರಿಸ್‌ನಲ್ಲಿ. ತಂದೆ ಆರ್.ಡಿ. ಟಾಟಾ ಪಾರ್ಸಿ, ತಾಯಿ ಸುಜಾನ್ ಫ್ರೆಂಚ್. ರಜೆಗೆ ಹೋಗುತ್ತಿದ್ದ ಸಮುದ್ರತೀರದ ಊರಿನಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲು ವಿಮಾನದಲ್ಲಿ ದಾಟಿದ ಲೂಯಿ ಬ್ಲೇರಿಯೋ ಕುಟುಂಬದ ಮನೆಯೂ ಇತ್ತು. ಹುಡುಗನ ಕಣ್ಣು ಆಗಲೇ ಮೇಲಕ್ಕೆ ಹೋಗಿತ್ತು. ಹದಿನೈದನೇ ವಯಸ್ಸಿಗೆ ಅದೇ ತೀರದಲ್ಲಿ ದುಡ್ಡು ಕೊಟ್ಟು ಒಂದು ಸುತ್ತು ಹಾರಿದ್ದೂ ಆಯಿತು. ಫ್ರೆಂಚ್ ಸೈನ್ಯದಲ್ಲಿ ಒಂದು ವರ್ಷ ಕಡ್ಡಾಯ ಸೇವೆ. ಆಮೇಲೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಬೇಕು ಅಂತ ಆಸೆ. ಅಷ್ಟರಲ್ಲಿ ಅಪ್ಪ ಮುಂಬೈಗೆ ಕರೆಸಿಕೊಂಡರು. 1925ರ ಕೊನೆಗೆ ಸಂಬಳವಿಲ್ಲದ ಅಪ್ರೆಂಟಿಸ್ ಆಗಿ ಟಾಟಾ ಆಫೀಸಿಗೆ ಸೇರಿಕೊಂಡರು. ಮರುವರ್ಷ ಅಪ್ಪ ತೀರಿಹೋದರು, ಕೇಂಬ್ರಿಜ್ ಅಲ್ಲಿಗೇ ಮುಗಿಯಿತು. ಡಿಗ್ರಿ ಇಲ್ಲ ಅನ್ನೋ ಕೊರಗು ಅವರಿಗೆ ಕೊನೇತನಕ ಇತ್ತಂತೆ. ಬ್ಯಾಕ್‌ಲಾಗ್ ಇರೋ ಗೆಳೆಯರು ಇದನ್ನು ಮನೆಯಲ್ಲಿ ಉದಾಹರಣೆಯಾಗಿ ಹೇಳಬಾರದು, ನಡೆಯಲ್ಲ.

1929ರ ಫೆಬ್ರವರಿ 10ರಂದು ಅವರ ಕೈಗೆ ಪೈಲಟ್ ಲೈಸೆನ್ಸ್ ಬಂತು. ಭಾರತದಲ್ಲಿ ಕೊಟ್ಟ ಲೈಸೆನ್ಸುಗಳಲ್ಲಿ ಅದರ ನಂಬರು 1. ಅದೇ ವರ್ಷ ಆಗಾ ಖಾನ್ ಒಂದು ಪಂದ್ಯ ಘೋಷಿಸಿದರು. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ ಬಹುಮಾನ. ಜೆ.ಆರ್.ಡಿ. ಕರಾಚಿಯಿಂದ ಹೊರಟರು, ಎದುರಿನಿಂದ ಆಸ್ಪಿ ಎಂಜಿನಿಯರ್ ಅನ್ನೋ ಹುಡುಗ ಇಂಗ್ಲೆಂಡಿನಿಂದ ಹೊರಟಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ನೋಡಿದರೆ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದಾನೆ. ಜೆ.ಆರ್.ಡಿ. ತಮ್ಮ ಹತ್ತಿರ ಇದ್ದ ಹೆಚ್ಚುವರಿ ಪ್ಲಗ್ ಕೊಟ್ಟು ಮುಂದೆ ಹೋದರು. ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿ ಗೆದ್ದ. ಆ ಹುಡುಗ ಮುಂದೆ ನಮ್ಮ ವಾಯುಪಡೆಯ ಮುಖ್ಯಸ್ಥನೂ ಆದ.

1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆ ಚೀಲ ಹಾಕಿಕೊಂಡು ಒಂದೇ ಎಂಜಿನ್ನಿನ ಪಸ್ ಮಾತ್ ವಿಮಾನದಲ್ಲಿ ಅಹಮದಾಬಾದ್ ಮಾರ್ಗವಾಗಿ ಮುಂಬೈಯ ಜುಹುಗೆ ಜೆ.ಆರ್.ಡಿ. ಬಂದಿಳಿದರು. ಅಲ್ಲಿಂದ ಚೀಲ ತಗೊಂಡು ಹೊರಟವರು ಅವರ ಪಾಲುದಾರ, ಪೈಲಟ್ ನೆವಿಲ್ ವಿನ್ಸೆಂಟ್. ಅವರು ಇಳಿದದ್ದು ನಮ್ಮ ಬಳ್ಳಾರಿಯಲ್ಲಿ, ಆಮೇಲೆ ಮದ್ರಾಸ್. ಅಂದರೆ ಈ ದೇಶದ ಮೊದಲ ಸ್ವಂತ ವಿಮಾನ ಸೇವೆಯ ನಕ್ಷೆಯಲ್ಲಿ ದೆಹಲಿ ಇರಲಿಲ್ಲ, ಬಳ್ಳಾರಿ ಇತ್ತು. ಈ ಮಾತು ಬಳ್ಳಾರಿಯ ಎಷ್ಟು ಜನಕ್ಕೆ ಗೊತ್ತೋ ಏನೋ, ನಮ್ಮ ಕ್ಲಾಸಿನ ಬಳ್ಳಾರಿಯವರಿಗಂತೂ ಗೊತ್ತಿರಲಿಲ್ಲ. ರೇಡಿಯೋ ಇಲ್ಲ, ರನ್‌ವೇ ಇಲ್ಲ, ಮಳೆಗಾಲದಲ್ಲಿ ಜುಹುವಿನ ನೆಲ ಕೆಸರು. ಮೊದಲ ವರ್ಷ ಆ ಸೇವೆಯಲ್ಲಿ ಹೋದ ಪ್ರಯಾಣಿಕರು ಒಟ್ಟು 155. ಅಂಚೆ ಚೀಲಗಳ ಜೊತೆಗೇ ಕೂಡಬೇಕು. ಕ್ಯಾಬಿನ್ ಸಿಬ್ಬಂದಿ ಅನ್ನೋ ಜಾತಿಯೇ ಇಲ್ಲ. ತಕರಾರು ಇದ್ದರೆ ಮುಂದೆ ಕುಳಿತ ಪೈಲಟ್‌ಗೇ ಹೇಳಬೇಕು, ಎಂಜಿನ್ ಸದ್ದಿನಲ್ಲಿ ಅವನಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ.

ಅಮೆರಿಕದಲ್ಲಿ ಮಾತ್ರ ಗಗನಸಖಿಯರು ಎರಡು ವರ್ಷ ಮೊದಲೇ ಬಂದಿದ್ದರು. ಎಲೆನ್ ಚರ್ಚ್ ಅನ್ನೋ ನರ್ಸ್, ಜೆ.ಆರ್.ಡಿ. ಹುಟ್ಟಿದ ವರ್ಷವೇ ಹುಟ್ಟಿದವರು, ಪೈಲಟ್ ಆಗಬೇಕು ಅಂತ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಗೆ ಹೋದರು. ಹೆಣ್ಣಿಗೆ ಪೈಲಟ್ ಕೆಲಸ ಕೊಡಲಿಲ್ಲ. ಹಾಗಾದರೆ ಹೆದರುವ ಪ್ರಯಾಣಿಕರನ್ನು ನೋಡಿಕೊಳ್ಳೋಕೆ ನರ್ಸ್‌ಗಳನ್ನು ಇಟ್ಟುಕೊಳ್ಳಿ ಅಂತ ಅವರೇ ಸಲಹೆ ಕೊಟ್ಟರು. 1930ರ ಮೇ 15ರಂದು ಅವರು ಜಗತ್ತಿನ ಮೊದಲ ಗಗನಸಖಿಯಾಗಿ ಹಾರಿದರು. ಆ ಕೆಲಸ ಶುರುವಾಗಿದ್ದೇ ಎರಡು ಮುಖದಿಂದ. ಒಂದು ಮುಖ ನರ್ಸ್, ಅವಳು ಹೇಳಿದ್ದನ್ನು ರೋಗಿ ಕೇಳಲೇಬೇಕು. ಇನ್ನೊಂದು ಮುಖ ತಟ್ಟೆ ಹಿಡಿದು ಬರುವವಳು, ಪ್ರಯಾಣಿಕ ಹೇಳಿದ್ದನ್ನು ಅವಳು ಕೇಳಬೇಕು. ಇಸ್ತಾಂಬುಲ್ ವಿಮಾನದ ಜಗಳದ ಬೇರು ಇಲ್ಲೇ ಇದೆ ಅಂತ ನಮಗನ್ನಿಸುತ್ತದೆ. ಪ್ರಯಾಣಿಕನಿಗೆ ಕಾಣೋದು ತಟ್ಟೆ ಮಾತ್ರ. ಆದರೆ ಸುಮಾರು 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇರಬೇಕು ಅಂತ ನಿಯಮ ಹೇಳೋದು ಊಟಕ್ಕಾಗಿ ಅಲ್ಲ. ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ, ಅರ್ಧ ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಇಳಿಸಬಹುದು ಅಂತ ತೋರಿಸಬೇಕು. ಆ 90 ಸೆಕೆಂಡು ನಿಂತಿರೋದು ಬಾಗಿಲ ಹತ್ತಿರ ಕೂಗುವ ಆ ಹೆಣ್ಣುಮಗಳ ಮೇಲೆ.

ಜೆ.ಆರ್.ಡಿ. 1938ರಲ್ಲಿ, 34ನೇ ವಯಸ್ಸಿಗೆ, ಇಡೀ ಟಾಟಾ ಸಮೂಹದ ಅಧ್ಯಕ್ಷರಾದರು. ಅದರ ಕಥೆ ಬೇರೆ. ನಮ್ಮ ಕಥೆಗೆ ಬೇಕಾದ್ದು 1946: ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು, ಅದೇ ವರ್ಷ ಕಂಪನಿಯ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಸೇರಿ ದೊಡ್ಡ ಮೀಸೆಯ ಮಹಾರಾಜನನ್ನು ಹುಟ್ಟಿಸಿದರು. ತಲೆ ಬಾಗಿಸಿ, ಎದೆ ಮೇಲೆ ಕೈ ಇಟ್ಟ ಮಹಾರಾಜ. ಚಿತ್ರ ಚೆಂದ, ನಗು ಬರುತ್ತದೆ. ಆದರೆ ರಾಜನೇ ತಲೆ ಬಾಗಿದರೆ ಟಿಕೆಟ್ ತಗೊಂಡವನು ತನ್ನನ್ನು ಏನು ಅಂದುಕೊಳ್ಳಬೇಕು? ಕಂಪನಿ ಜಾಹೀರಾತಿನಲ್ಲಿ ಕೊಟ್ಟ ಮಾತನ್ನು ಮೂವತ್ತು ಸಾವಿರ ಅಡಿ ಮೇಲೆ ಪೂರೈಸಬೇಕಾದವರು ಗಗನಸಖಿಯರು. 1948ರ ಜೂನ್ 8ರ ರಾತ್ರಿ ಮಲಬಾರ್ ಪ್ರಿನ್ಸೆಸ್ ಅನ್ನೋ ಕಾನ್‌ಸ್ಟೆಲೇಶನ್ ವಿಮಾನ ಮುಂಬೈನಿಂದ ಕೈರೋ, ಜಿನೀವಾ ದಾಟಿ ಲಂಡನ್‌ಗೆ ಹೊರಟಿತು. ಜೆ.ಆರ್.ಡಿ. ಅದರೊಳಗೆ ಪ್ರಯಾಣಿಕರಾಗಿ ಇದ್ದರು.

1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ತನ್ನ ಕೈಗೆ ತಗೊಂಡಿತು. ಜೆ.ಆರ್.ಡಿ.ಗೆ ಅದು ಇಷ್ಟವಿರಲಿಲ್ಲ, ತಮ್ಮನ್ನು ಸರಿಯಾಗಿ ಕೇಳಲೂ ಇಲ್ಲ ಅನ್ನೋ ಸಿಟ್ಟೂ ಇತ್ತು. ಆದರೂ ಏರ್ ಇಂಡಿಯಾದ ಅಧ್ಯಕ್ಷರಾಗಿ ಮುಂದುವರಿಯಿರಿ ಅಂದಾಗ ಒಪ್ಪಿಕೊಂಡರು. ಅವರು ಕೈಬಿಟ್ಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. 25 ವರ್ಷ ಉಳಿದರು.

ಈ ವರ್ಷಗಳ ಅವರ ಟಿಪ್ಪಣಿಗಳೇ ನಮ್ಮ ವಿಷಯ. ತಮ್ಮದೇ ವಿಮಾನದಲ್ಲಿ ಎಲ್ಲಿಗೆ ಹೋದರೂ ಇಳಿದ ಮೇಲೆ ಅವರು ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆಯುತ್ತಿದ್ದರು. ಒಮ್ಮೆ ಬರೆದದ್ದು ಚಹಾದ ಬಗ್ಗೆ. ಜಿನೀವಾದಿಂದ ತುಂಬಿಸಿಕೊಂಡು ಬಂದ ಚಹಾ ಬಣ್ಣದಲ್ಲಿ ಕಾಫಿಯಿಂದ ಬೇರೆ ಮಾಡಲಾಗದಷ್ಟು ಕಪ್ಪಗಿದೆ, ಕಾರಣ ಹುಡುಕಿ ಅಂತ ಅವರ ತಕರಾರು. ನಮ್ಮ ಮೆಸ್ಸಿನಲ್ಲಿ ಸಮಸ್ಯೆ ಉಲ್ಟಾ, ಎರಡೂ ನೀರಿನ ಬಣ್ಣ. ಇರಲಿ. ಚಹಾ ಕಪ್ಪಾದರೆ ಮಾಮೂಲಿ ಪ್ರಯಾಣಿಕ ಬೈಯೋದು ಕಪ್ಪು ಹಿಡಿದು ಬಂದವರನ್ನು. ಆದರೆ ಚಹಾ ಕುದ್ದದ್ದು ವಿಮಾನದಲ್ಲಿ ಅಲ್ಲ, ನೆಲದ ಮೇಲಿನ ಅಡುಗೆಮನೆಯಲ್ಲಿ. ಫ್ಲಾಸ್ಕಿನಲ್ಲಿ ಎಷ್ಟು ಹೊತ್ತು ಎಲೆ ಬಿದ್ದಿತ್ತು ಅಂತ ಕಪ್ಪು ಹಿಡಿದವರಿಗೆ ಗೊತ್ತಿರಲ್ಲ. ಟಿಪ್ಪಣಿ ಹೋಗಿದ್ದು ಸರಿಯಾದ ವಿಳಾಸಕ್ಕೆ.

ಇನ್ನೊಂದು ಟಿಪ್ಪಣಿ ಸೀಟಿನದು, ಮೆಕ್ಯಾನಿಕಲ್‌ನವರು ಗಮನಿಸಬೇಕಾದ್ದು. ಕೆಲವು ಸೀಟುಗಳು ಉಳಿದವಕ್ಕಿಂತ ಹೆಚ್ಚು ಹಿಂದಕ್ಕೆ ಬಾಗುತ್ತವೆ ಅನ್ನುವುದನ್ನು ಅವರು ಗಮನಿಸಿದರು. ಹಿಂದೆ ಗೋಡೆ ಇರುವ ಕೊನೇ ಸಾಲು ಬಿಟ್ಟು ಉಳಿದದ್ದೆಲ್ಲ ಹೆಚ್ಚು ಬಾಗುವ ಅಳತೆಗೇ ಹೊಂದಿಸಬೇಕು ಅಂತ ಬರೆದರು. ಈಗ ಜಗತ್ತಿನ ವಿಮಾನಗಳಲ್ಲಿ ಪ್ರಯಾಣಿಕರ ನಡುವಿನ ಜಗಳಕ್ಕೆ ಮಾಮೂಲಿ ಕಾರಣಗಳಲ್ಲಿ ಸೀಟು ಬಾಗಿಸೋದೂ ಒಂದು. ಮುಂದಿನವನು ಬಾಗಿಸುತ್ತಾನೆ, ಹಿಂದಿನವನ ಮೊಣಕಾಲು ಸಿಕ್ಕಿಕೊಳ್ಳುತ್ತದೆ, ಇಬ್ಬರೂ ಬಟನ್ ಒತ್ತಿ ಗಗನಸಖಿಯನ್ನು ಕರೆದು ನ್ಯಾಯ ಕೇಳುತ್ತಾರೆ. ನ್ಯಾಯ ಎಲ್ಲಿಂದ ಬರಬೇಕು? ಅಗ್ಗದ ವಿಮಾನಗಳಲ್ಲಿ ಸಾಲಿನಿಂದ ಸಾಲಿಗೆ 28ರಿಂದ 30 ಇಂಚು. ಆ ಅಂತರವನ್ನು ಡ್ರಾಯಿಂಗಿನಲ್ಲಿ ಕೂಡಿಸಿದವರು, ಅದಕ್ಕೆ ಸಹಿ ಹಾಕಿದವರು ಅಲ್ಲಿಲ್ಲ. ನಮ್ಮಲ್ಲೇ ಯಾರೋ ಒಬ್ಬರು ನಾಳೆ ಆ ಡ್ರಾಯಿಂಗ್ ಮಾಡುವವರು.

ಶೌಚಾಲಯ ಗಲೀಜಾಗಿದ್ದರೆ ಅವರೇ ಸರಿ ಮಾಡುತ್ತಿದ್ದರು, ಧೂಳು ಹಿಡಿದ ಕೌಂಟರನ್ನು ತಾವೇ ಒರೆಸಿದ್ದರು ಅಂತಲೂ ಅವರ ಜೊತೆಗಿದ್ದವರು ಹೇಳುತ್ತಾರೆ. ಇದನ್ನು ಓದಿ ಅವರು ಸಾಧು ಅಂತ ಅಂದುಕೊಳ್ಳಬೇಡಿ. ಸಿಟ್ಟಿನ ಮನುಷ್ಯ. ಅಧ್ಯಕ್ಷರು ಹತ್ತಿದ್ದಾರೆ ಅಂದರೆ ವಿಮಾನದ ಸಿಬ್ಬಂದಿಗೆ ಆ ದಿನ ಎದೆ ಡವಡವ ಅಂದಿರಲೇಬೇಕು. ಆದರೆ ದೂರು ಕಾಗದದ ಮೇಲೆ ಹೋಗುತ್ತಿತ್ತು, ಮೇಲಕ್ಕೆ ಹೋಗುತ್ತಿತ್ತು.

ಮೇಲಕ್ಕೆ ಹೋಗದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಅವರ ಕಂಪನಿಯದೇ ಉದಾಹರಣೆ ಇದೆ, ಅವರು ಹೋಗಿ ಎಷ್ಟೋ ವರ್ಷದ ಮೇಲಿನದು. 2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ, ಕುಡಿದಿದ್ದ ಪ್ರಯಾಣಿಕನೊಬ್ಬ ವಯಸ್ಸಾದ ಮಹಿಳೆಯೊಬ್ಬರ ಮೇಲೆ ಮೂತ್ರ ಮಾಡಿದ ಅಂತ ದೂರು. ಅದಾದ ಮೇಲೂ ಆ ಮನುಷ್ಯನನ್ನು ತಮ್ಮ ಎದುರಿಗೆ ಕರೆತಂದು ಕೂರಿಸಿದರು ಅಂತ ಆ ಮಹಿಳೆ ಬರೆದಿದ್ದರು. ವಿಮಾನಯಾನ ನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ, ಇದು ತಿಳಿದದ್ದು ಜನವರಿಯಲ್ಲಿ. ಕಂಪನಿಗೆ 30 ಲಕ್ಷ ರೂಪಾಯಿ ದಂಡ, ಪೈಲಟ್‌ನ ಲೈಸೆನ್ಸ್ ಮೂರು ತಿಂಗಳು ಅಮಾನತು. ಆರೋಪಿಯನ್ನು ಪೊಲೀಸರು ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ. ನಿಯಮ ಇರಲಿಲ್ಲ ಅಂತಲ್ಲ. 2017ರ ನಿಯಮದಲ್ಲಿ ಪ್ರಯಾಣಿಕನ ಪುಂಡಾಟಕ್ಕೆ ಮೂರು ಹಂತ ಮಾಡಿದ್ದಾರೆ: ಬಾಯಿಮಾತಿನ ಗಲಾಟೆಗೆ ಮೂರು ತಿಂಗಳವರೆಗೆ ಹಾರಾಟ ನಿಷೇಧ, ಮೈಮೇಲೆ ಕೈ ಹಾಕಿದರೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕಡಿಮೆ ಅಂದರೂ ಎರಡು ವರ್ಷ. ನಿವೃತ್ತ ಜಿಲ್ಲಾ ನ್ಯಾಯಾಧೀಶರು ಇರುವ ಸಮಿತಿ 30 ದಿನದಲ್ಲಿ ತೀರ್ಮಾನ ಮಾಡಬೇಕು. ಎಲ್ಲ ಇದೆ. ಆದರೆ ಮೊದಲ ಕಾಗದ ಹೊರಡದಿದ್ದರೆ ಇದರಲ್ಲಿ ಒಂದೂ ಚಾಲೂ ಆಗೋದಿಲ್ಲ.

ಈಗ ಜೆ.ಆರ್.ಡಿ. ಕಣ್ಣಿಗೆ ಬೀಳದ ಒಂದು ವಿಷಯ. ಚಹಾದ ಬಣ್ಣ ನೋಡಿದವರು, ಸೀಟಿನ ಕೋನ ನೋಡಿದವರು. ಅವರು ಅಧ್ಯಕ್ಷರಾಗಿದ್ದ ಏರ್ ಇಂಡಿಯಾದ ನಿಯಮಪುಸ್ತಕದಲ್ಲಿ ಗಗನಸಖಿಯರಿಗೆ ಬೇರೆಯದೇ ಲೆಕ್ಕ ಇತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ. ಮೊದಲ ಬಸಿರಿಗೆ ಮನೆಗೆ. ಇಲ್ಲದಿದ್ದರೆ 35ಕ್ಕೆ ನಿವೃತ್ತಿ, ಅದರಾಚೆಗೆ ಮ್ಯಾನೇಜಿಂಗ್ ಡೈರೆಕ್ಟರ್ ಮನಸ್ಸು ಮಾಡಿದರೆ ವರ್ಷವರ್ಷ ಮುಂದಕ್ಕೆ. ಅದೇ ವಿಮಾನದಲ್ಲಿ ಕೆಲಸ ಮಾಡುವ ಗಂಡಸರಿಗೆ ಈ ಷರತ್ತು ಇರಲಿಲ್ಲ. ನರ್ಗೀಶ್ ಮೀರ್ಜಾ ಮತ್ತು ಸಹೋದ್ಯೋಗಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಬಸಿರಿನ ಷರತ್ತನ್ನೂ ಡೈರೆಕ್ಟರ್ ಮರ್ಜಿಯನ್ನೂ ಹೊಡೆದುಹಾಕಿತು. ನಾಲ್ಕು ವರ್ಷದ ಮದುವೆ ಷರತ್ತನ್ನು ಮಾತ್ರ ಸರಿ ಅಂತ ಉಳಿಸಿತು, ಅದು ಹೇಗೆ ಸರಿಯೋ ನಮಗೆ ಇವತ್ತಿಗೂ ಅರ್ಥವಾಗಿಲ್ಲ. ಕಾಲವೇ ಹಾಗಿತ್ತು, ಬೇರೆ ದೇಶದ ಕಂಪನಿಗಳಲ್ಲೂ ಹಾಗೇ ಇತ್ತು ಅಂತ ಹೇಳಬಹುದು. ಹೇಳಬಹುದು, ನಿಜ. ಆದರೆ ಸೇವೆಯ ಪ್ರತಿ ಸಣ್ಣ ವಿವರವೂ ಕಂಡ ಕಣ್ಣಿಗೆ ಸೇವೆ ಮಾಡುವವರ ಬದುಕಿನ ಈ ದೊಡ್ಡ ವಿವರ ಕಾಣದೆ ಹೋದದ್ದನ್ನು ಬರೆಯದೆ ಅವರ ಕಥೆ ಪೂರ್ತಿಯಾಗಲ್ಲ. ಬೇಗ ಮದುವೆಯಾದರೆ, ಬಸಿರಾದರೆ ಬದಲಿಸಬಹುದಾದ ಸಾಮಾನು ಅಂತ ಕಂಪನಿಯೇ ತಿಳಿದರೆ, ಪ್ರಯಾಣಿಕ ಅವರನ್ನು ಆಳು ಅಂದುಕೊಳ್ಳೋದು ಅಷ್ಟೇನು ಆಶ್ಚರ್ಯವಲ್ಲ.

1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ ಮೊದಲ ಬೋಯಿಂಗ್ 747, ಎಂಪರರ್ ಅಶೋಕ, ಮುಂಬೈನಿಂದ ದುಬೈಗೆ ಹೊರಟು ಕೆಲವೇ ನಿಮಿಷದಲ್ಲಿ ಬಾಂದ್ರಾ ಕಡಲಿಗೆ ಬಿತ್ತು. ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಉಪಕರಣ ಕ್ಯಾಪ್ಟನ್ ಮುಂದೆ ತಪ್ಪು ತೋರಿಸಿತು, ಹೊರಗೆ ಕತ್ತಲು, ದಿಗಂತ ಕಾಣುತ್ತಿರಲಿಲ್ಲ. 213 ಜನ ಸತ್ತರು, ಅವರಲ್ಲಿ 23 ಜನ ಸಿಬ್ಬಂದಿ. ಮರುತಿಂಗಳು ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ.ಯನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅಪಘಾತಕ್ಕೂ ಇದಕ್ಕೂ ಗಂಟು ಹಾಕೋದು ಸರಿಯಲ್ಲ. ಆದರೆ ತೆಗೆದ ರೀತಿ ಚೆನ್ನಾಗಿರಲಿಲ್ಲ, ಸರ್ಕಾರದ ಕಾಗದ ಕೈಸೇರುವ ಮೊದಲೇ ಸುದ್ದಿ ಬೇರೆಯವರಿಂದ ಅವರ ಕಿವಿಗೆ ಬಿತ್ತು. 25 ವರ್ಷ ಪ್ರತಿ ವಿಷಯವನ್ನೂ ಸರಿಯಾದ ವಿಳಾಸಕ್ಕೆ ಬರೆದ ಮನುಷ್ಯನಿಗೆ ಹೀಗಾಯಿತು. ಯಾರ ಮೇಲೆ ಅವರು ಅಷ್ಟು ಟಿಪ್ಪಣಿ ಬರೆದಿದ್ದರೋ ಆ ಸಿಬ್ಬಂದಿಯೇ ಇದನ್ನು ವಿರೋಧಿಸಿದರು. ಆಗ ಅಧಿಕಾರದಲ್ಲಿಲ್ಲದ ಇಂದಿರಾ ಗಾಂಧಿ ಅವರಿಗೆ ಪತ್ರ ಬರೆದು, ಗಗನಸಖಿಯರ ಸೀರೆಯ ತನಕ ನೀವು ನೋಡಿದ್ದಿರಿ ಅಂತ ನೆನೆದರು. 1980ರಲ್ಲಿ ಅವರ ಸರ್ಕಾರವೇ ಮತ್ತೆ ಮಂಡಳಿಗೆ ಕರೆಯಿತು, ಅಧ್ಯಕ್ಷರಾಗಿ ಅಲ್ಲ.

1982ರ ಅಕ್ಟೋಬರ್ 15ರಂದು, 78ನೇ ವಯಸ್ಸಿನಲ್ಲಿ, ಐವತ್ತು ವರ್ಷದ ಹಿಂದಿನ ದಾರಿಯಲ್ಲೇ ಕರಾಚಿಯಿಂದ ಮುಂಬೈಗೆ ಒಂದು ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ಈ ವಯಸ್ಸಿಗೆ ಬೇಡ ಅಂತ ಹೇಳಿದವರಿದ್ದರು, ಕೇಳಲಿಲ್ಲ. 1992ರಲ್ಲಿ ಭಾರತರತ್ನ, 1993ರ ನವೆಂಬರ್ 29ರಂದು ಜಿನೀವಾದಲ್ಲಿ ಸಾವು. ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಏರ್ ಇಂಡಿಯಾ ಮತ್ತೆ ಟಾಟಾ ಕೈಗೆ ಬಂದದ್ದು 2022ರ ಜನವರಿ 27ರಂದು, ಆ ನ್ಯೂಯಾರ್ಕ್ ವಿಮಾನಕ್ಕಿಂತ ಹತ್ತು ತಿಂಗಳು ಮೊದಲು.